ಲೇಸರ್ ಹಿಡಿದರೆ ಆಕ್ಸಿಮೀಟರ್ ಅಂಕಿ ಏಕೆ ಏರುವುದಿಲ್ಲ?

ನೋವಿಗೆಂದು ಮೊಣಕಾಲಿಗೆ ಕಡಿಮೆ ಶಕ್ತಿಯ ಲೇಸರ್ ಬೆಳಕು ಹಿಡಿಸಿಕೊಂಡು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ‘ಮೊದಲೂ 98, ಈಗಲೂ 98, ಇನ್ನೇನು ಬಂತು?’ ಎಂದು ಕೇಳುವವರಿದ್ದಾರೆ. ಅಂಕಿ ಏರಬಾರದು ಕೂಡ. ಅಪಧಮನಿಯ ರಕ್ತ ಶೇಕಡ ಎಷ್ಟು ಆಕ್ಸಿಜನ್ ಹೊತ್ತಿದೆ ಎಂಬುದಷ್ಟೇ ಆಕ್ಸಿಮೀಟರ್‌ನ ಲೆಕ್ಕ. ಈ ಬೆಳಕಿನ ಕೆಲಸ ಇರುವುದು ಆಕ್ಸಿಜನ್ ಖರ್ಚಾಗುವ ಕಡೆ, ಜೀವಕೋಶದೊಳಗೆ.

ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದಲ್ಲಿ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವಿದೆ. ನಾವು ಉಸಿರಾಡುವ ಆಕ್ಸಿಜನ್‌ನ ಬಹುಪಾಲು ಬಳಕೆಯಾಗುವುದು ಅಲ್ಲೇ. ಬಾವು, ಪೆಟ್ಟು ಇದ್ದ ಕಡೆ ಹೆಚ್ಚಾಗಿ ಹುಟ್ಟುವ ನೈಟ್ರಿಕ್ ಆಕ್ಸೈಡ್, ಆಕ್ಸಿಜನ್ ಕೂರಬೇಕಾದ ಜಾಗದಲ್ಲಿ ತಾನೇ ಕೂತುಬಿಡುತ್ತದೆ. ರಕ್ತ ಬಂದರೂ ಕೋಶಕ್ಕೆ ಅದರ ಪೂರ್ತಿ ಉಪಯೋಗವಿಲ್ಲ, ಕೋಶದ ಇಂಧನವಾದ ಎಟಿಪಿ ಇಳಿಯುತ್ತದೆ. ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಈ ನೈಟ್ರಿಕ್ ಆಕ್ಸೈಡನ್ನು ಅಲ್ಲಿಂದ ಎಬ್ಬಿಸುತ್ತದೆ ಎಂಬುದು ಹೆಚ್ಚು ಪ್ರಚಲಿತ ವಿವರಣೆ. ಎದ್ದ ನೈಟ್ರಿಕ್ ಆಕ್ಸೈಡ್ ಪಕ್ಕದ ಕಿರುಧಮನಿಗಳ ಗೋಡೆಯ ಸ್ನಾಯುವನ್ನು ಸಡಿಲಿಸಿ ರಕ್ತದ ಹರಿವು ಹೆಚ್ಚಿಸುತ್ತದೆ. ಇದೊಂದೇ ದಾರಿಯಲ್ಲ, ಆದರೆ ಚಿಕಿತ್ಸೆ ಎಲ್ಲಿ ಹಳಿ ತಪ್ಪುತ್ತದೆ ಎಂದು ತಿಳಿಯಲು ಇಷ್ಟು ಸಾಕು.

ತಪ್ಪುವುದು ಹೆಚ್ಚಾಗಿ ಡೋಸ್‌ನಲ್ಲಿ. 100 ಮಿಲಿವಾಟ್ ಪ್ರೋಬ್ (ಬೆಳಕು ಹೊಮ್ಮುವ ಹಿಡಿಕೆ) ಒಂದು ಬಿಂದುವಿನ ಮೇಲೆ 40 ಸೆಕೆಂಡ್ ನಿಂತರೆ 4 ಜೂಲ್. ತುದಿಯ ವಿಸ್ತೀರ್ಣ ಅರ್ಧ ಚದರ ಸೆಂಟಿಮೀಟರ್ ಆಗಿದ್ದರೆ ಅದೇ 4 ಜೂಲ್, ಚದರ ಸೆಂಟಿಮೀಟರ್‌ಗೆ 8 ಆಯಿತು. ಚಾರ್ಟ್‌ನಲ್ಲಿ ಬರೀ ‘4 ಜೂಲ್’ ಎಂದು ಬರೆದಿಟ್ಟರೆ ಮರುದಿನ ಬೇರೆ ಪ್ರೋಬ್ ಹಿಡಿದವರು ಬೇರೆಯೇ ಚಿಕಿತ್ಸೆ ಕೊಟ್ಟಿರುತ್ತಾರೆ. ತರಂಗಾಂತರ, ಪವರ್, ತುದಿಯ ಅಳತೆ, ಸಮಯ, ಬಿಂದುಗಳ ಸಂಖ್ಯೆ ಎಲ್ಲವನ್ನೂ ಬರೆಯಬೇಕು. 904 ನ್ಯಾನೊಮೀಟರ್‌ನ ಪಲ್ಸ್ ಯಂತ್ರವಾದರೆ, ಅಂದರೆ ಬೆಳಕನ್ನು ಬಿಟ್ಟುಬಿಟ್ಟು ಹೊಮ್ಮಿಸುವಂಥದ್ದಾದರೆ, ಡಬ್ಬದ ಮೇಲಿನ ಪೀಕ್ ವಾಟ್ ನೋಡಿ ಮೋಸಹೋಗಬೇಡಿ, ಲೆಕ್ಕಕ್ಕೆ ಬೇಕಾದ್ದು ಸರಾಸರಿ ಪವರ್. ಇನ್ನು ‘ಸ್ವಲ್ಪ ಜಾಸ್ತಿ ಹಿಡಿಯಿರಿ’ ಎಂಬ ಒತ್ತಾಯ: ಒಂದು ಮಿತಿ ದಾಟಿದರೆ ಪರಿಣಾಮ ಕುಗ್ಗುತ್ತದೆ, ತಿರುಗುಬಾಣವಾಗುವುದೂ ಉಂಟು.

ಪ್ರೋಬನ್ನು ಚರ್ಮಕ್ಕೆ ನೆಟ್ಟಗೆ ಇಟ್ಟು ಸ್ವಲ್ಪ ಒತ್ತಬೇಕು. ಒತ್ತಿದಾಗ ಮೇಲ್ಪದರದ ರಕ್ತ ಪಕ್ಕಕ್ಕೆ ಸರಿಯುತ್ತದೆ, ಹಿಮೋಗ್ಲೋಬಿನ್ ನುಂಗುವ ಬೆಳಕು ಕಡಿಮೆಯಾಗುತ್ತದೆ. ತೆರೆದ ಗಾಯಕ್ಕೆ ಮಾತ್ರ ಮುಟ್ಟಿಸದೆ ಹಿಡಿಯಿರಿ. ನೋವಿನೆಣ್ಣೆ ಹಚ್ಚಿ ಬಂದಿದ್ದರೆ ಮೊದಲು ಒರೆಸಿ. ಕಪ್ಪು ಚರ್ಮ ಹೆಚ್ಚು ಬೆಳಕು ಹೀರಿ ಬೇಗ ಬಿಸಿಯಾಗುತ್ತದೆ, ಹಚ್ಚೆ ಇದ್ದರಂತೂ ಇನ್ನೂ ಬೇಗ. ಚುರುಗುಟ್ಟಿತು ಎಂದರೆ ಪವರ್ ಇಳಿಸಿ ಸಮಯ ಹೆಚ್ಚಿಸಿ. ಚಿಕಿತ್ಸೆ ಕೊಡುವವರು, ಪಡೆಯುವವರು ಇಬ್ಬರಿಗೂ ಯಂತ್ರದ ತರಂಗಾಂತರಕ್ಕೆ ಹೊಂದುವ ಕನ್ನಡಕ ಬೇಕು: ಇನ್‌ಫ್ರಾರೆಡ್ ಕಣ್ಣಿಗೆ ಕಾಣುವುದಿಲ್ಲ, ರೆಪ್ಪೆ ತಾನಾಗಿ ಮುಚ್ಚುವುದೂ ಇಲ್ಲ. ಕ್ಯಾನ್ಸರ್ ಗಡ್ಡೆಯ ಮೇಲೆ, ಗರ್ಭಿಣಿಯ ಹೊಟ್ಟೆಯ ಮೇಲೆ ಹಿಡಿಯುವಂತಿಲ್ಲ.

ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿಗೆ ಯಂತ್ರ ಆನ್ ಮಾಡುವ ಮುನ್ನ ಪಾದದ ನಾಡಿ ಮುಟ್ಟಿ ನೋಡಿ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ದೊಡ್ಡ ಅಪಧಮನಿಯಲ್ಲೇ ಅಡ್ಡಿಯಿದೆ. ಬೆಳಕು ಸಡಿಲಿಸುವುದು ಕಿರುಧಮನಿಗಳನ್ನು, ಆ ಅಡ್ಡಿಯನ್ನಲ್ಲ. 1.4 ದಾಟಿದ್ದರೆ ಖುಷಿಪಡಬೇಡಿ. ಸುಣ್ಣಗಟ್ಟಿ ಗಡುಸಾದ ನಾಳ ಬಿಪಿ ಯಂತ್ರದ ಪಟ್ಟಿಯ ಒತ್ತಡಕ್ಕೆ ಬಗ್ಗದಿರುವಾಗ ಹಾಗೆ ತೋರಿಸುತ್ತದೆ. ಆಗ ಕಾಲ್ಬೆರಳಿನ ಒತ್ತಡ ಅಳೆಸಿ. ಎರಡರಲ್ಲಿ ಯಾವುದು ಬಂದರೂ ಮೊದಲು ರಕ್ತನಾಳ ತಜ್ಞರು, ಲೇಸರ್ ಆಮೇಲೆ.