ಉತ್ತರಹಳ್ಳಿ ಕ್ಷೇತ್ರ ಒಡೆದ ಕತೆ

ಕರ್ನಾಟಕದ ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಈಗ ಉತ್ತರಹಳ್ಳಿ ಇಲ್ಲ. 2004ರ ಚುನಾವಣೆವರೆಗೂ ಇತ್ತು. ಆಗ ರಾಜ್ಯದಲ್ಲೇ ಅತಿ ದೊಡ್ಡ ಕ್ಷೇತ್ರ ಅದು. 1999 ಮತ್ತು 2004ರಲ್ಲಿ ಆರ್. ಅಶೋಕ್ ಅಲ್ಲಿಂದ ಗೆದ್ದಿದ್ದರು. ಮತದಾರರ ಪಟ್ಟಿಯ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಈ ಕ್ಷೇತ್ರದ ಕತೆಯನ್ನೇ.

ಅದು ಅಷ್ಟು ಬೆಳೆಯಲು ಕಾರಣ ಸರಳ. ಕ್ಷೇತ್ರದ ಗೆರೆ ಎಳೆದದ್ದು 1971ರ ಜನಗಣತಿ ನೋಡಿ. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಬಂತು, ಗೆರೆ ಅಲ್ಲೇ ನಿಂತುಬಿಟ್ಟಿತು. 1978ರಿಂದ 2004ರವರೆಗೆ ಎಲ್ಲ ಚುನಾವಣೆಯೂ ಅದೇ ಗೆರೆಯೊಳಗೆ ನಡೆಯಿತು. ಜನ ಮಾತ್ರ ನಿಲ್ಲಲಿಲ್ಲ. ಹೊಲ ಹೋಗಿ ಬಡಾವಣೆ ಆಯಿತು, ರೆವಿನ್ಯೂ ಸೈಟುಗಳ ಮೇಲೆ ಮನೆ ಎದ್ದವು. ಲೋಕಸಭೆಗೆ ಉತ್ತರಹಳ್ಳಿ ಸೇರಿದ್ದು ಕನಕಪುರಕ್ಕೆ. ಬಡಾವಣೆಯ ಬಾಡಿಗೆದಾರರೂ ಸಾತನೂರಿನ ರಾಗಿ ಬೆಳೆಗಾರರೂ ಒಬ್ಬರೇ ಸಂಸದರನ್ನು ಆರಿಸುತ್ತಿದ್ದರು. 2004ರಲ್ಲಿ ಕಾಂಗ್ರೆಸ್‌ನ ತೇಜಸ್ವಿನಿಯವರು ಎಚ್.ಡಿ. ದೇವೇಗೌಡರನ್ನು ಸೋಲಿಸಿದ್ದು ಇದೇ ಕನಕಪುರದಲ್ಲಿ. ಆ ಫಲಿತಾಂಶ ಓದುವಾಗ ಉತ್ತರಹಳ್ಳಿಯ ಗಾತ್ರ ಮರೆತರೆ ಲೆಕ್ಕ ತಪ್ಪುತ್ತದೆ.

ಆಮೇಲೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಕ್ಷೇತ್ರ ಪುನರ್ವಿಂಗಡಣಾ ಆಯೋಗ 2001ರ ಜನಗಣತಿ ಇಟ್ಟುಕೊಂಡು ಹೊಸ ಗೆರೆ ಎಳೆಯಿತು. ರಾಜ್ಯದ ಒಟ್ಟು ಸ್ಥಾನ 224 ಬದಲಾಗಲಿಲ್ಲ. ಬೆಂಗಳೂರು ನಗರ ಜಿಲ್ಲೆ ಮಾತ್ರ 16ರಿಂದ 28ಕ್ಕೆ ಹೋಯಿತು. ಜಿಲ್ಲೆಯ ಜನಸಂಖ್ಯೆ ಆಗ 65 ಲಕ್ಷ. ಹಳೇ ಲೆಕ್ಕದಲ್ಲಿ ಒಬ್ಬ ಶಾಸಕರಿಗೆ 4 ಲಕ್ಷ ಜನ, ಹೊಸ ಲೆಕ್ಕದಲ್ಲಿ 2.33 ಲಕ್ಷ. ಹೆಚ್ಚಿದ 12 ಸ್ಥಾನ ಬೇರೆ ಜಿಲ್ಲೆಗಳಿಂದಲೇ ಬಂದದ್ದು. ಕಳೆದುಕೊಂಡ ಕಡೆಯವರಿಗೆ ಬೇಸರ ಆಗಿದ್ದು ಸಹಜ, ಅಲ್ವಾ?

2008ರ ಮೇ ತಿಂಗಳಲ್ಲಿ, ದೇಶದಲ್ಲೇ ಮೊದಲು, ಹೊಸ ಗೆರೆಯ ಮೇಲೆ ಕರ್ನಾಟಕ ಮತ ಹಾಕಿತು. ಉತ್ತರಹಳ್ಳಿ ಒಡೆದು ಪದ್ಮನಾಭನಗರ, ಬೊಮ್ಮನಹಳ್ಳಿ, ಬೆಂಗಳೂರು ದಕ್ಷಿಣ, ರಾಜರಾಜೇಶ್ವರಿನಗರಗಳಿಗೆ ಹಂಚಿಹೋಯಿತು. ಮೊದಲ ಮೂರರಲ್ಲಿ ಅಶೋಕ್, ಸತೀಶ್ ರೆಡ್ಡಿ, ಎಂ. ಕೃಷ್ಣಪ್ಪ 2008ರಿಂದ 2023ರವರೆಗೆ ನಾಲ್ಕೂ ಸಲ ಗೆದ್ದಿದ್ದಾರೆ. ಪಕ್ಷ ಬಿಜೆಪಿ. ಅಂಚಿನ ಬಡಾವಣೆಗಳಲ್ಲಿ ಜನ ಬದಲಾಗುತ್ತಲೇ ಇದ್ದರೂ ಶಾಸಕರು ಬದಲಾಗಲಿಲ್ಲ. ಆರ್.ಆರ್. ನಗರದ್ದು ಬೇರೆ ದಾರಿ. 2018ರಲ್ಲಿ ಜಾಲಹಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ಸುಮಾರು 9,700 ಮತದಾರರ ಗುರುತಿನ ಚೀಟಿ ಸಿಕ್ಕು, ಮೇ 12ರ ಮತದಾನ 28ಕ್ಕೆ ಹೋಯಿತು. ಗೆದ್ದ ಮುನಿರತ್ನ ಆಗ ಕಾಂಗ್ರೆಸ್. 2020ರ ಉಪಚುನಾವಣೆಯಲ್ಲಿ ಅವರೇ ಗೆದ್ದರು, ಬಿಜೆಪಿಯಿಂದ.

ಈಗ ಬೆಂಗಳೂರು ದಕ್ಷಿಣವೇ ಇನ್ನೊಂದು ಉತ್ತರಹಳ್ಳಿ ಆಗಿದೆ. 2023ರ ಹೊತ್ತಿಗೆ ಅಲ್ಲಿನ ಮತದಾರರು 6.5 ಲಕ್ಷ ದಾಟಿದ್ದರು. ಶೃಂಗೇರಿಯಲ್ಲಿ 2 ಲಕ್ಷವೂ ಇಲ್ಲ. ಎರಡೂ ಕಡೆ ಶಾಸಕರು ಒಬ್ಬೊಬ್ಬರೇ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಆದರೆ ಈ ಮತದಾರರ ಪಟ್ಟಿಯನ್ನು ಹಾಗೇ ನಂಬಲೂ ಆಗದು. ಬೂತ್ ಮಟ್ಟದ ಅಧಿಕಾರಿ ಗೇಟಿನ ಹತ್ತಿರ ಹೆಸರು ಓದಿದರೆ ಸೆಕ್ಯೂರಿಟಿಯವರು ಹೇಳುವುದು ಒಂದೇ ಮಾತು: "ಅವ್ರು ಆಗ್ಲೇ ಖಾಲಿ ಮಾಡಿದ್ರು ಮೇಡಂ." ಹಾಗಂತ ಹೆಸರು ಸುಮ್ನೆ ತೆಗೆಯುವಂತಿಲ್ಲ, ನೋಟಿಸ್ ಕೊಡಬೇಕು. ಮನೆ ಬದಲಿಸಿದವರು ತುಂಬಬೇಕಾದ್ದು ಫಾರಂ 8. ಜಾಸ್ತಿ ಜನ ಹೊಸ ಸೇರ್ಪಡೆಯ ಫಾರಂ 6 ತುಂಬುತ್ತಾರೆ. ಹಳೇ ಹೆಸರು ಅಲ್ಲೇ ಉಳಿಯುತ್ತದೆ, ಹೊಸದೊಂದು ಹುಟ್ಟುತ್ತದೆ. 2023ರಲ್ಲಿ ರಾಜ್ಯದ ಮತದಾನ ಶೇ 73, ಬೆಂಗಳೂರಿನದು 55ರ ಆಚೀಚೆ. ಇದಕ್ಕೆ ಜನರ ಸೋಮಾರಿತನವೇ ಕಾರಣ ಅನ್ನುವವರು, ಪಟ್ಟಿಯಲ್ಲಿದ್ದು ಊರಲ್ಲಿಲ್ಲದ ಈ ಹೆಸರುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಸ್ಥಾನ ಹಂಚುವುದು ಮತದಾರರ ಪಟ್ಟಿ ನೋಡಿ ಅಲ್ಲ, ಜನಗಣತಿ ನೋಡಿ. ಹುಟ್ಟೂರಲ್ಲಿ ಓಟು ಇಟ್ಟುಕೊಂಡು ಬೆಂಗಳೂರಿನ ಬೇಗೂರಿನಲ್ಲಿ ಬಾಡಿಗೆಗಿರುವವರನ್ನು ಗಣತಿದಾರರು ಬೇಗೂರಿನಲ್ಲೇ ಎಣಿಸುತ್ತಾರೆ. ಅವರ ತಲೆಯೆಣಿಕೆಯಿಂದ ಬೆಂಗಳೂರಿಗೆ ಸ್ಥಾನ ಸಿಗಬಹುದು. ಅಲ್ಲಿ ಯಾರು ಗೆಲ್ಲಬೇಕು ಎನ್ನುವಾಗ ಅವರಿಗೆ ಮಾತಿಲ್ಲ. ಗಣತಿಯ ನಂತರ ಗೆರೆ ಎಳೆಯಲು ಹೊರಟರೆ ಕಾನೂನಿನಂತೆ ಕರಡು ಪ್ರಕಟಿಸಿ ಸಾರ್ವಜನಿಕ ಸಭೆ ನಡೆಸಿ ಆಕ್ಷೇಪಣೆ ಕೇಳಬೇಕು. ಕರಡಿನಲ್ಲಿ ನಿಮ್ಮ ವಾರ್ಡ್ ಅಥವಾ ಹೋಬಳಿಯ ಹೆಸರು ಯಾವ ಕ್ಷೇತ್ರದ ಕೆಳಗಿದೆ ಎಂದು ನೋಡಿ, ತಪ್ಪಿದ್ದರೆ ಗಡುವಿನೊಳಗೆ ಬರೆದುಕೊಡಿ. ಅಂತಿಮ ಆದೇಶ ಬಂದಮೇಲೆ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು ಬಹಳ ಕಷ್ಟ.