ತಲೆಗೆ ಹತ್ತು ರೂಪಾಯಿ: ಕೇರಳದ ಹಳ್ಳಿಗಳಿಗೆ ಪುಸ್ತಕ ಬಂದ ದಾರಿ

ಕೇರಳದ ಹಳ್ಳಿಗಳಲ್ಲಿ ಸುತ್ತಾಡಿದವರಿಗೆ ‘ವಾಯನಶಾಲೆ’, ಅಂದರೆ ಊರಿನ ವಾಚನಾಲಯ, ಹೊಸದಲ್ಲ. ಸಂಜೆಯಾದರೆ ಹೊರಗಿನ ಬೆಂಚಿನ ಮೇಲೆ ಪೇಪರ್ ಓದುವವರು, ಒಳಗೆ ಕಪಾಟು ತುಂಬಾ ಕಥೆ, ಕಾದಂಬರಿ. ಇಷ್ಟು ಪುಸ್ತಕ ಇಲ್ಲಿಗೆ ಹೇಗೆ ಬಂತು ಅಂತ ಹುಡುಕುತ್ತಾ ಹೋದರೆ 1945ಕ್ಕೆ ಹೋಗಬೇಕು.

ಆ ಕಾಲದಲ್ಲಿ ಮಲಯಾಳಂ ಲೇಖಕರ ಪಾಡು ಯಾರಿಗೂ ಬೇಡ. ವೈಕಂ ಮುಹಮ್ಮದ್ ಬಷೀರ್ ಅಂಥವರೇ ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಮನೆಮನೆಗೆ ಹೋಗಿ ಮಾರುತ್ತಿದ್ದರು. ಇದಕ್ಕೊಂದು ದಾರಿ ಬೇಕಲ್ವಾ? ಕೊಟ್ಟಾಯಂನಲ್ಲಿ 12 ಜನ ಲೇಖಕರು ಕೂಡಿ ಸಾಹಿತ್ಯ ಪ್ರವರ್ತಕ ಸಹಕಾರ ಸಂಘ ಕಟ್ಟಿದರು. ಬಂಡವಾಳ 120 ರೂಪಾಯಿ. ತಲೆಗೆ ಹತ್ತು, ಅಷ್ಟೇ. ವಿಮರ್ಶಕ ಎಂ.ಪಿ. ಪೌಲ್ ಅಧ್ಯಕ್ಷರಾದರು, ಕಥೆಗಾರ ಕಾರೂರ್ ನೀಲಕಂಠ ಪಿಳ್ಳೈ ಕಾರ್ಯದರ್ಶಿ. ಮೊದಲು ಅಚ್ಚಾದದ್ದು ತಕಳಿ ಶಿವಶಂಕರ ಪಿಳ್ಳೈ ಅವರ ಕಥೆಗಳು. ಸಂಘ ಲೇಖಕರಿಗೆ ಶೇ. 30 ಗೌರವಧನ ಕೊಟ್ಟಿತು. ಒಂದು ರೂಪಾಯಿಯ ಪುಸ್ತಕ ಮಾರಿದರೆ ಬರೆದವರ ಕೈಗೆ ಸುಮಾರು ಐದಾಣೆ. ಇವತ್ತಿಗೂ ಅಷ್ಟು ಕೊಡುವ ಪ್ರಕಾಶಕರು ಅಪರೂಪ.

ಆದರೆ ಅಚ್ಚು ಹಾಕಿದರೆ ಸಾಕೇ, ಕೊಳ್ಳುವವರು ಯಾರು? ಅದೇ ವರ್ಷ ಅಂಬಲಪ್ಪುಳದಲ್ಲಿ 47 ವಾಚನಾಲಯಗಳ ಪ್ರತಿನಿಧಿಗಳು ಸೇರಿದ್ದರು. ಸೇರಿಸಿದವರು ಪಿ.ಎನ್. ಪಣಿಕ್ಕರ್ ಎಂಬ ಶಾಲಾ ಮೇಷ್ಟ್ರು. ಅಲ್ಲಿ ಹುಟ್ಟಿದ ತಿರುವಿತಾಂಕೂರು ಗ್ರಂಥಶಾಲಾ ಸಂಘ ಮುಂದೆ ಕೇರಳ ಗ್ರಂಥಶಾಲಾ ಸಂಘವಾಯಿತು, ಸಾವಿರಾರು ಊರುಗಳಿಗೆ ಹಬ್ಬಿತು. ಸರ್ಕಾರದ ಅನುದಾನ ವಾಚನಾಲಯಕ್ಕೆ ಬರುತ್ತಿತ್ತು, ವಾಚನಾಲಯ ಪುಸ್ತಕ ಕೊಳ್ಳುತ್ತಿತ್ತು. ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇರುವುದು ಇಲ್ಲೇ. ಲೇಖಕರ ಸಂಘಕ್ಕೆ ಗಿರಾಕಿ ಸಿಕ್ಕಿತು, ಹಳ್ಳಿಯ ಕಪಾಟಿಗೆ ಹೊಸ ಪುಸ್ತಕ ಸಿಕ್ಕಿತು. ಒಂದು ಇಲ್ಲದೆ ಇನ್ನೊಂದು ಇಷ್ಟು ಬೆಳೆಯುತ್ತಿರಲಿಲ್ಲ.

1949ರಲ್ಲಿ ಲೇಖಕರ ಸಂಘ ನ್ಯಾಷನಲ್ ಬುಕ್ ಸ್ಟಾಲ್ ಅನ್ನು ತನ್ನದಾಗಿಸಿಕೊಂಡಿತು. ಮಾರಾಟಕ್ಕೆ ಸ್ವಂತ ಮಳಿಗೆ ಆಯಿತು. ಅದನ್ನು ಶುರು ಮಾಡಿದ್ದ ಡಿ.ಸಿ. ಕಿಳಕ್ಕೆಮುರಿ 1974ರಲ್ಲಿ ತಮ್ಮದೇ ಡಿಸಿ ಬುಕ್ಸ್ ತೆರೆದರು. ಆಮೇಲೆ ಖಾಸಗಿ ಪ್ರಕಾಶಕರ ಕಾಲ ಬಂತು. ಗ್ರಂಥಶಾಲಾ ಸಂಘವನ್ನು 1977ರಲ್ಲಿ ಸರ್ಕಾರ ವಹಿಸಿಕೊಂಡಿತು. 1989ರ ಗ್ರಂಥಾಲಯ ಕಾಯ್ದೆ ಬಂದ ಮೇಲೆ ಆ ಕೆಲಸ ಲೈಬ್ರರಿ ಕೌನ್ಸಿಲ್‌ಗೆ ಹೋಯಿತು.

ನಮ್ಮ ಕರ್ನಾಟಕದಲ್ಲಿ ಇಂಥ ಕಾಯ್ದೆ ಇನ್ನೂ ಮೊದಲೇ, 1965ರಲ್ಲೇ ಬಂತು. ಗ್ರಂಥಾಲಯ ಕರವೂ ಇದೆ. ಆದರೆ ಗ್ರಂಥಾಲಯಗಳಿಗಾಗಿ ಸರ್ಕಾರ ಮಾಡುವ ಸಗಟು ಖರೀದಿಗೆ ಪುಸ್ತಕ ಆರಿಸುವುದು ಮೇಲಿನ ಸಮಿತಿ. ಹಳ್ಳಿಯ ಓದುಗರ ಮಾತು ಅಲ್ಲಿಗೆ ತಲುಪುವುದು ಕಷ್ಟ. ಇದು ನನ್ನನ್ನು ತುಂಬಾ ಕಾಡುತ್ತದೆ.

ಕೇರಳದಲ್ಲಿ ಜಿಲ್ಲಾ ಲೈಬ್ರರಿ ಕೌನ್ಸಿಲ್‌ಗಳು ಪುಸ್ತಕೋತ್ಸವ ನಡೆಸುತ್ತವೆ. ಊರಿನ ವಾಚನಾಲಯದವರೇ ಬರುತ್ತಾರೆ. ಮಳಿಗೆಯಿಂದ ಮಳಿಗೆಗೆ ಹೋಗಿ, ಪುಟ ತಿರುವಿ ನೋಡಿ, ತಮ್ಮ ಓದುಗರು ಕೇಳಿದ್ದನ್ನು ಆರಿಸಿ, ಅನುದಾನದ ದುಡ್ಡು ಕೊಟ್ಟು ಕಟ್ಟು ಕಟ್ಟಿಸಿಕೊಂಡು ಊರಿಗೆ ಹೊರಡುತ್ತಾರೆ.