ಜೀವ ಇರುವುದರ ಚಿತ್ರ: ಇಸ್ಲಾಮಿನಲ್ಲಿ ತಸ್ವೀರ್ ಚರ್ಚೆ ನಡೆದು ಬಂದ ದಾರಿ

ಶಿವಮೊಗ್ಗದ ಯಾವುದಾದರೂ ಶಾದಿ ಮಹಲ್‌ಗೆ ಹೋಗಿ ನೋಡಿ. ಒಂದೇ ಮನೆಯಲ್ಲಿ ಅಣ್ಣ ಕ್ಯಾಮೆರಾ ಮುಂದೆ ನಗುತ್ತಾ ನಿಲ್ಲುತ್ತಾರೆ. ಫೋಟೋಗ್ರಾಫರ್ ಹತ್ತಿರ ಬಂದ ತಕ್ಷಣ ಅವರ ತಮ್ಮ ಪಕ್ಕಕ್ಕೆ ಸರಿಯುತ್ತಾರೆ. ಅಜ್ಜಿ ಆಲ್ಬಮ್‌ಗೆ ಬೇಡ ಅನ್ನುತ್ತಾರೆ, ಮೊಮ್ಮಗಳ ಮೊಬೈಲ್‌ಗೆ ಮಾತ್ರ ಒಪ್ಪುತ್ತಾರೆ. "ಅವರಲ್ಲಿ ಫೋಟೋ ನಿಷೇಧ ಅಲ್ವಾ?" ಎಂದು ಕೇಳುವವರು ಊರಿನಲ್ಲಿ ಬಹಳ ಜನ. "ಅದೆಲ್ಲ ಈಗ ಯಾರು ನೋಡ್ತಾರೆ" ಎನ್ನುವವರೂ ಇದ್ದಾರೆ. ಎರಡೂ ಪೂರ್ತಿ ಸರಿಯಲ್ಲ. ತಸ್ವೀರ್, ಅಂದರೆ ಜೀವಿಗಳ ರೂಪ ಮಾಡುವುದು, ಇದರ ಚರ್ಚೆ ಶುರುವಾಗಿ ಸಾವಿರ ವರ್ಷದ ಮೇಲಾಯಿತು, ಇನ್ನೂ ಮುಗಿದಿಲ್ಲ.

ಕುರ್‌ಆನ್ ವಿಗ್ರಹಾರಾಧನೆಯನ್ನು ಖಂಡಿಸುತ್ತದೆ. ಆದರೆ ಚಿತ್ರ ಬರೆಯಬಾರದು ಎಂಬ ನೇರ ಮಾತು ಅದರಲ್ಲಿಲ್ಲ. 34ನೇ ಅಧ್ಯಾಯದಲ್ಲಿ ಪ್ರವಾದಿ ಸುಲೈಮಾನರಿಗೆ ಜಿನ್ನ್‌ಗಳು ಪ್ರತಿಮೆಗಳನ್ನು ಮಾಡಿಕೊಟ್ಟ ಪ್ರಸ್ತಾಪವೇ ಇದೆ. ಕಟ್ಟುನಿಟ್ಟು ಬರುವುದು ಹದೀಸ್‌ಗಳಿಂದ, ಅಂದರೆ ಪ್ರವಾದಿ ಮುಹಮ್ಮದರ ನುಡಿ ನಡೆಗಳ ವರದಿಗಳಿಂದ. ಜೀವಿಗಳ ರೂಪ ಮಾಡಿದವರಿಗೆ ಕಡೆಯ ದಿನ, ಮಾಡಿದ್ದಕ್ಕೆ ಜೀವ ತುಂಬಿ ಎಂದು ಹೇಳಲಾಗುತ್ತದೆ. ಚಿತ್ರ ಇರುವ ಮನೆಗೆ ಮಲಕ್‌ಗಳು, ಅಂದರೆ ದೇವದೂತರು, ಬರುವುದಿಲ್ಲ. ಬುಖಾರಿ, ಮುಸ್ಲಿಮ್ ಎಂಬ ದೊಡ್ಡ ಸಂಗ್ರಹಗಳಲ್ಲಿ ಇವು ಇವೆ.

ಅದೇ ಸಂಗ್ರಹಗಳಲ್ಲಿ ಪರದೆಯ ಪ್ರಸಂಗವೂ ಇದೆ. ಪ್ರವಾದಿ ಮುಹಮ್ಮದರ ಪತ್ನಿ ಆಯಿಶಾ ಚಿತ್ರವಿದ್ದ ಪರದೆ ತೂಗುಹಾಕಿದ್ದರು. ಪ್ರವಾದಿಯವರಿಗೆ ಅದು ಹಿಡಿಸಲಿಲ್ಲ. ಆಯಿಶಾ ಅದೇ ಬಟ್ಟೆ ಕತ್ತರಿಸಿ ದಿಂಬು ಮಾಡಿದರು. ಚಿಕ್ಕ ವಯಸ್ಸಿನ ಆಯಿಶಾ ಹತ್ತಿರ ಆಟದ ಗೊಂಬೆಗಳಿದ್ದವು, ಅದಕ್ಕೆ ತಡೆ ಇರಲಿಲ್ಲ. ಚಿತ್ರ ಬರೆಯುವುದೇ ನನ್ನ ಹೊಟ್ಟೆಪಾಡು ಎಂದು ಬಂದವನಿಗೆ ಪ್ರವಾದಿಯವರ ಅನುಚರ ಇಬ್ನ್ ಅಬ್ಬಾಸ್, ಹಾಗಾದರೆ ಮರ ಬರೆ, ಪ್ರಾಣ ಇಲ್ಲದ್ದನ್ನು ಬರೆ ಎಂದರು. ನನಗೆ ಮುಖ್ಯ ಅನ್ನಿಸುವುದು ಇಲ್ಲೇ. ಮೊದಲ ದಿನದಿಂದಲೂ ಪ್ರಶ್ನೆ ಬರೀ ಚಿತ್ರದ್ದಾಗಿರಲಿಲ್ಲ. ಯಾವುದರ ಚಿತ್ರ, ಎಲ್ಲಿಟ್ಟಿದ್ದೀರಿ, ಯಾಕಿಟ್ಟಿದ್ದೀರಿ ಎಂಬುದೂ ಸೇರಿತ್ತು.

ಮುಂದೆ ಧರ್ಮಶಾಸ್ತ್ರಜ್ಞರು ಇದನ್ನೇ ಹಿಡಿದು ಬೇರೆ ಬೇರೆ ದಾರಿ ಹಿಡಿದರು. ಮಾಲಿಕಿ, ಶಾಫಿ, ಹನಫಿ ಎಂಬುವು ಸುನ್ನಿ ಧರ್ಮಶಾಸ್ತ್ರದ ಬೇರೆ ಬೇರೆ ಪಂಥಗಳು. ನೆರಳು ಬೀಳುವ ಮೂರ್ತಿಗೆ ಮಾತ್ರ ನಿಷೇಧ ಎಂದವರು ಮಾಲಿಕಿಗಳಲ್ಲಿ ಇದ್ದರು. 13ನೇ ಶತಮಾನದ ಶಾಫಿ ವಿದ್ವಾಂಸ ಇಮಾಮ್ ನವವಿ ನೆರಳಿದ್ದರೂ ಇಲ್ಲದಿದ್ದರೂ ಜೀವಿಯ ರೂಪ ಮಾಡುವುದು ಹರಾಮ್ ಎಂದರು. ಹನಫಿಗಳು ತಲೆ ಇಲ್ಲದ ಚಿತ್ರ, ತೀರಾ ಚಿಕ್ಕ ಚಿತ್ರ, ಕಾಲಡಿಯ ಜಮಖಾನದ ಚಿತ್ರ ಇವಕ್ಕೆ ವಿನಾಯಿತಿ ಕೊಟ್ಟರು. ನಮ್ಮ ಕಡೆ ಇದು ಸುಮ್ನೆ ಪುಸ್ತಕದ ಮಾತಲ್ಲ. ಶಿವಮೊಗ್ಗ, ಭದ್ರಾವತಿಯ ಉರ್ದು ಮಾತಾಡುವ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯ ಬ್ಯಾರಿ ಕುಟುಂಬಗಳು ಶಾಫಿ. ಅಲ್ಲಿನ ಉಸ್ತಾದರು, ಇಲ್ಲಿನ ಮೌಲಾನಾ ಬೇರೆ ಬೇರೆ ಗ್ರಂಥ ಓದಿ ಬಂದವರು.

ಅರಮನೆಗಳ ಕತೆ ಬೇರೆಯೇ. ಡಮಾಸ್ಕಸ್‌ನ ದೊಡ್ಡ ಮಸೀದಿಯ ಗೋಡೆಯಲ್ಲಿ ಮರ, ನದಿ, ಕಟ್ಟಡಗಳಿವೆ, ಮನುಷ್ಯರಿಲ್ಲ. ಆ ಮಸೀದಿ ಕಟ್ಟಿಸಿದ ಉಮಯ್ಯಾ ಖಲೀಫರ ವಂಶದವರ ಕಾಲದ್ದೇ ಆದ, ಇಂದಿನ ಜೋರ್ಡಾನ್‌ನ ಕುಸೈರ್ ಅಮ್ರಾ ಎಂಬ ಮಹಲಿನಲ್ಲಿ ಗೋಡೆ ತುಂಬ ಮನುಷ್ಯರಿದ್ದಾರೆ. ಪರ್ಷಿಯಾ, ತುರ್ಕಿ, ಮೊಘಲ್, ಬಿಜಾಪುರದ ದರ್ಬಾರುಗಳಲ್ಲಿ ಚಿತ್ರಕಾರರು ಬೆಳೆದರು. ಪರ್ಷಿಯಾದ ಕೆಲವು ಹಸ್ತಪ್ರತಿಗಳಲ್ಲಿ ಪ್ರವಾದಿಯವರ ಚಿತ್ರವೂ ಇದೆ, ಎಷ್ಟೋ ಕಡೆ ಮುಖಕ್ಕೆ ಮುಸುಕು ಹಾಕಿ. ಇಂದು ಬಹುಪಾಲು ಮುಸ್ಲಿಮರು ಅದನ್ನು ಒಪ್ಪುವುದಿಲ್ಲ. ಪ್ರವಾದಿಯವರ ಬಗ್ಗೆ ಬಂದ 2005ರ ಡೆನ್ಮಾರ್ಕ್ ವ್ಯಂಗ್ಯಚಿತ್ರಗಳ ವಿವಾದದಲ್ಲಿ ಚಿತ್ರ ಬರೆದದ್ದಕ್ಕಿಂತ ಅವಮಾನದ ನೋವು ಜಾಸ್ತಿ ಇತ್ತು. ಅದನ್ನೂ ಮದುವೆ ಫೋಟೋವನ್ನೂ ಒಂದೇ ಗಂಟಿಗೆ ಕಟ್ಟಬಾರದು.

ಮಲೆನಾಡಿನದೇ ಒಂದು ಸಾಕ್ಷಿ ಇದೆ. 1763ರಲ್ಲಿ ಹೈದರ್ ಅಲಿ ಕೆಳದಿ ಅರಸರ ಬಿದನೂರನ್ನು ಗೆದ್ದ. ಊರಿಗೆ ಹೈದರ್‌ನಗರ ಎಂದು ಹೆಸರಾಯಿತು, ಅದೇ ಇಂದಿನ ಹೊಸನಗರ ತಾಲ್ಲೂಕಿನ ನಗರ. ಕೆಳದಿ ಅರಸರ ಚಿನ್ನದ ನಾಣ್ಯವಾದ ಇಕ್ಕೇರಿ ವರಹದಲ್ಲಿ ಮೊದಲಿನಿಂದಲೂ ಶಿವ ಪಾರ್ವತಿ ಇದ್ದರು. ಹೈದರ್ ತನ್ನ ಚಿನ್ನದ ವರಹದಲ್ಲೂ ಶಿವ ಪಾರ್ವತಿಯನ್ನು ಹಾಗೇ ಉಳಿಸಿದ, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ. ಜನ ನಂಬಿದ ನಾಣ್ಯ ಬದಲಾಯಿಸಿದರೆ ಪೇಟೆ ನಡೆಯುವುದಿಲ್ಲ ಎಂಬುದು ಅವನಿಗೆ ಗೊತ್ತಿದ್ದಿರಬೇಕು. ಮಗ ಟಿಪ್ಪು ಚಿನ್ನದ ನಾಣ್ಯದಿಂದ ಮೂರ್ತಿ ತೆಗೆದು ಅಕ್ಷರ ಹಾಕಿಸಿದ. ಆದರೆ ಅವನ ತಾಮ್ರದ ಕಾಸಿನಲ್ಲಿ ಆನೆ ಇತ್ತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧ, ಅದರಲ್ಲಿ ಹೈದರ್, ಟಿಪ್ಪು ಇಬ್ಬರೂ ಇದ್ದಾರೆ. ಒಂದೇ ಮನೆ, ಎರಡು ತಲೆಮಾರು, ಮೂರು ರೀತಿ.

ನಿಜವಾದ ಗೋಜಲು ಶುರುವಾದದ್ದು ಕ್ಯಾಮೆರಾ ಬಂದ ಮೇಲೆ. ಕೈ ಏನನ್ನೂ ಬರೆಯುವುದಿಲ್ಲ, ಆದರೂ ಮುಖ ಮೂಡುತ್ತದೆ. ಇದು ತಸ್ವೀರ್ ಹೌದೋ ಅಲ್ಲವೋ? ಈಜಿಪ್ಟಿನ ಮುಫ್ತಿ, ಅಂದರೆ ಧಾರ್ಮಿಕ ತೀರ್ಪು ಕೊಡುವವರು, ಆಗಿದ್ದ ಮುಹಮ್ಮದ್ ಬಖೀತ್ 20ನೇ ಶತಮಾನದ ಆರಂಭದಲ್ಲಿ ಒಂದು ವಾದ ಮುಂದಿಟ್ಟರು. ಫೋಟೋಗ್ರಾಫರ್ ಹೊಸದೇನನ್ನೂ ಸೃಷ್ಟಿಸುವುದಿಲ್ಲ, ದೇವರು ಮಾಡಿದ್ದರ ನೆರಳನ್ನು ಹಿಡಿದಿಡುತ್ತಾನೆ ಅಷ್ಟೇ. ಭಾರತದಲ್ಲಿ, ಉತ್ತರ ಪ್ರದೇಶದ ದೇವಬಂದ್ ಮದರಸಾ ಪರಂಪರೆಯ ಮುಫ್ತಿ ಮುಹಮ್ಮದ್ ಶಫಿ ಇದನ್ನು ಒಪ್ಪಲಿಲ್ಲ. ಉಪಕರಣ ಬದಲಾದರೆ ನಿಯಮ ಬದಲಾಗುವುದಿಲ್ಲ ಎಂಬುದು ಅವರ ನಿಲುವು. ಆದರೆ 1912ರಲ್ಲಿ ಶುರುವಾದ ಮೌಲಾನಾ ಆಜಾದರ 'ಅಲ್ ಹಿಲಾಲ್' ಉರ್ದು ಪತ್ರಿಕೆ ಫೋಟೋಗಳನ್ನು ಹಾಕುತ್ತಿತ್ತು.

ಬೇಡ ಎಂದವರೂ ಒಂದು ಬಾಗಿಲು ತೆರೆದಿಟ್ಟರು. ಅದು ಜರೂರತ್, ಅಂದರೆ ಅನಿವಾರ್ಯ. ಮಲೆನಾಡಿನಲ್ಲಿ ಫೋಟೋ ಮನೆಯೊಳಗೆ ಬಂದದ್ದು ಹೆಚ್ಚಾಗಿ ಈ ಬಾಗಿಲಿನಿಂದಲೇ. ಹಜ್‌ಗೆ ಪಾಸ್‌ಪೋರ್ಟ್ ಬೇಕು. ಗಲ್ಫ್ ಕೆಲಸಕ್ಕೂ ಬೇಕು. 1993ರಲ್ಲಿ ಮತದಾರರ ಗುರುತಿನ ಚೀಟಿ ಬಂತು, ಆಮೇಲೆ ಆಧಾರ್. ಸ್ಟುಡಿಯೋ ಮೆಟ್ಟಿಲು ಹತ್ತದ ಹೆಂಗಸರೂ ಕ್ಯಾಮೆರಾ ಮುಂದೆ ಕೂರಬೇಕಾಯಿತು. ಬುರ್ಖಾ ಹಾಕುವ ಮಹಿಳೆಯರ ಫೋಟೋ ಮತದಾರರ ಪಟ್ಟಿಯಲ್ಲಿ ಬೇಡ ಎಂದು ಒಬ್ಬರು ಮದ್ರಾಸ್ ಹೈಕೋರ್ಟ್‌ಗೆ ಹೋದರು. 2006ರಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ತೆಗೆಸಿದ ಪಾಸ್‌ಪೋರ್ಟ್ ಫೋಟೋದ ಉಳಿದ ಪ್ರತಿಗಳು ಬೀರುವಿನಲ್ಲಿ ಉಳಿದವು. ಅಪ್ಪ ತೀರಿಕೊಂಡ ಮೇಲೆ ಮಕ್ಕಳಿಗೆ ಅದೇ ಒಂದು ನೆನಪು. ಅದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಬಹುದೇ? ಹಾರ ಹಾಕಿದರೆ ಪೂಜೆಯ ಹಾಗೆ ಕಾಣುತ್ತದಲ್ಲ ಎಂಬ ಅಳುಕು. ಹಾಗಾಗಿ ಎಷ್ಟೋ ಮನೆಗಳಲ್ಲಿ ಗೋಡೆಗೆ ಮಕ್ಕಾ ಮದೀನಾ, ಚಂದದ ಅಕ್ಷರದ ತುಗ್ರಾ. ಮನುಷ್ಯರು ಬೀರುವಿನೊಳಗೆ. ಇದನ್ನು ಮೌಢ್ಯ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ದೇವರ ಮುಂದೆ ಬೇರೇನನ್ನೂ ನಿಲ್ಲಿಸಬಾರದು ಎಂಬ ಎಚ್ಚರ ಅದರಲ್ಲಿದೆ. ಹಾಗೆಯೇ, ಫೋಟೋ ಇಟ್ಟುಕೊಂಡವರನ್ನು ಧರ್ಮ ಬಿಟ್ಟವರು ಎನ್ನುವುದೂ ಅನ್ಯಾಯ.

ಮೊಬೈಲ್ ಬಂದ ಮೇಲೆ ಲೆಕ್ಕ ಮತ್ತೆ ಬದಲಾಯಿತು. ಪಾಕಿಸ್ತಾನದ ವಿದ್ವಾಂಸ ತಖಿ ಉಸ್ಮಾನಿ, ಇದೇ ಮುಫ್ತಿ ಶಫಿಯವರ ಮಗ. ಪರದೆ ಮೇಲಿನ ಡಿಜಿಟಲ್ ಚಿತ್ರ ಪ್ರಿಂಟ್ ಆಗುವವರೆಗೆ ತಸ್ವೀರ್ ಅಲ್ಲ ಎಂಬುದು ಅವರ ಅಭಿಪ್ರಾಯ. ದೇವಬಂದ್‌ನ ಹಿರಿಯರು 2013ರಲ್ಲೂ ಗುರುತಿನ ಚೀಟಿಯಂಥ ಅಗತ್ಯ ಬಿಟ್ಟು ಫೋಟೋ ಬೇಡ ಎಂದೇ ಹೇಳಿದರು. ಶಾದಿ ಮಹಲ್‌ನ ಅಜ್ಜಿ ಆಲ್ಬಮ್ ಬೇಡ, ಮೊಬೈಲ್ ಆಗಬಹುದು ಎನ್ನುವುದಕ್ಕೂ ಹೀಗೆ ಒಂದು ಆಧಾರ ಇದೆ.

ಇನ್ನು ಫ್ಲೆಕ್ಸ್. 2022ರ ಆಗಸ್ಟ್ 15ರಂದು ಶಿವಮೊಗ್ಗದ ಅಮೀರ್ ಅಹ್ಮದ್ ವೃತ್ತದಲ್ಲಿ ಫ್ಲೆಕ್ಸ್ ವಿಚಾರಕ್ಕೆ ಶುರುವಾದ ಜಗಳ ಚಾಕು ಇರಿತದವರೆಗೆ ಹೋಯಿತು, ನಿಷೇಧಾಜ್ಞೆ ಬಂತು. ಅಲ್ಲಿ ಪ್ರಶ್ನೆ ಇದ್ದದ್ದು ಯಾರ ಚಿತ್ರ ಎಂಬುದು. ಚಿತ್ರ ಇರಬಹುದೇ ಎಂಬ ಧರ್ಮದ ಪ್ರಶ್ನೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಸುದ್ದಿಯಲ್ಲಿ ಎರಡೂ ಕಲಸಿಹೋಗುತ್ತವೆ. ಪ್ರವಾದಿಯವರ ಜನ್ಮದಿನದ ಮಿಲಾದ್ ಮೆರವಣಿಗೆಗೆ ಟಿಪ್ಪು ಕಟೌಟ್ ನಿಲ್ಲಿಸುವ ಹುಡುಗರಿದ್ದಾರೆ. ಮುಖ ಯಾಕಪ್ಪಾ, ಕಲಿಮಾ ಬರೆದ ಬಾವುಟ ಸಾಕು ಎನ್ನುವ ಹಿರಿಯರಿದ್ದಾರೆ. ಮೆರವಣಿಗೆಯೇ ಬೇಡ ಎನ್ನುವ ಮುಸ್ಲಿಮರೂ ಅದೇ ಬೀದಿಯಲ್ಲಿದ್ದಾರೆ. ಈ ಮೂವರ ನಡುವಿನ ಮಾತು ಮೊಹಲ್ಲಾದ ಹೊರಗೆ ಯಾರಿಗೂ ಕೇಳಿಸುತ್ತಿಲ್ಲ.